ದೂರ ಬೇರೆ, ಹೊತ್ತು ಬೇರೆ



ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಕಾಲ್ನಡಿಗೆಗೆ ಒಂದು ಗಂಟೆಯ ದಾರಿ. ದೂರ ತಿಳಿದರೆ ಹೊತ್ತೂ ತಿಳಿಯುತ್ತಿತ್ತು. ವಿಮಾನಯಾನಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಗುಡೇಮಾರನಹಳ್ಳಿಯ ದಂಪತಿಗಳು ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೊರಟರೆಂದು ಭಾವಿಸೋಣ. ನೆಲಮಂಗಲ, ದೊಡ್ಡಬಳ್ಳಾಪುರಗಳ ಮೇಲೆ ಹಾದು ದೇವನಹಳ್ಳಿಯ ನಿಲ್ದಾಣ ಸೇರುತ್ತಾರೆ. 2008ರಲ್ಲಿ ಆರಂಭವಾದ ಆ ನಿಲ್ದಾಣಕ್ಕೆ ಮಾಗಡಿ ಸೀಮೆಯವರ ಹೆಮ್ಮೆಯ ಕೆಂಪೇಗೌಡರ ಹೆಸರೇ ಇದೆ. ಅಲ್ಲಿಂದ ಲಂಡನ್ನಿನ ಹೀಥ್ರೂ ನೇರ ರೇಖೆಯಲ್ಲಿ ಸುಮಾರು 8,040 ಕಿಲೋಮೀಟರು. ಜರ್ಮನಿಯ ಫ್ರಾಂಕ್‌ಫರ್ಟ್ ಸುಮಾರು 7,400. ಫ್ರಾಂಕ್‌ಫರ್ಟಿನಿಂದ ಹೀಥ್ರೂಗೆ ಸುಮಾರು 650. ಕೂಡಿಸಿ ನೋಡಿರಿ: ಫ್ರಾಂಕ್‌ಫರ್ಟಿನಲ್ಲಿ ಇಳಿದು ಹೋದರೂ ದೂರ ಹೆಚ್ಚೇನೂ ಬೆಳೆಯದು. ಬೆಳೆಯುವುದು ಹೊತ್ತು ಮಾತ್ರ.

ಗಂಟೆಗೆ 850 ಕಿಲೋಮೀಟರು ಹಾರುವ ವಿಮಾನಕ್ಕೆ ಆ 650 ಕಿಲೋಮೀಟರು ಮುಕ್ಕಾಲು ಗಂಟೆಯ ಹಾದಿ. ವೇಳಾಪಟ್ಟಿಯಲ್ಲಿ ಮಾತ್ರ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಇರುತ್ತದೆ. ವಿಮಾನವು ನೆಲದ ಮೇಲೆ ಉರುಳಿ ರನ್‌ವೇ ಸೇರಬೇಕು, ಮೇಲೇರಬೇಕು, ಇಳಿಯುವಾಗ ವೇಗ ತಗ್ಗಿಸಬೇಕು. ಎರಡೇ ರನ್‌ವೇಗಳಿರುವ ಹೀಥ್ರೂವಿನಲ್ಲಿ ಸರದಿಗಾಗಿ ಆಕಾಶದಲ್ಲಿಯೇ ಸುತ್ತು ಹಾಕುವುದೂ ಉಂಟು. ಗಾಳಿಯ ಪಾತ್ರವೂ ಇದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುವುದರಿಂದ ಸಾಮಾನ್ಯವಾಗಿ ಊರಿಗೆ ಮರಳುವ ಪ್ರಯಾಣವೇ ಬೇಗ ಮುಗಿಯುತ್ತದೆ.

ಗಡಿಯಾರದ ಮಾತು ಇನ್ನೊಂದು. ಫ್ರಾಂಕ್‌ಫರ್ಟಿನ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದು. ಹತ್ತಕ್ಕೆ ಹೊರಟವರು ಹತ್ತು ನಲವತ್ತಕ್ಕೆ ಲಂಡನ್ನಿನಲ್ಲಿರುತ್ತಾರೆ. ಅಲ್ಲಿಂದ ಹತ್ತಕ್ಕೆ ಹೊರಟರೆ ಹೆಚ್ಚುಕಡಿಮೆ ಹನ್ನೆರಡು ನಲವತ್ತಕ್ಕೆ ಫ್ರಾಂಕ್‌ಫರ್ಟ್ ತಲುಪುತ್ತಾರೆ. ಟಿಕೇಟಿನಲ್ಲಿ ಆಯಾ ಊರಿನ ವೇಳೆಯನ್ನೇ ಮುದ್ರಿಸುತ್ತಾರೆಂಬುದನ್ನು ಹಿರಿಯರಿಗೆ ಮೊದಲೇ ತಿಳಿಸಿಕೊಡಬೇಕು.

ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ಮಕ್ಕಳು ಅಗ್ಗದ ಟಿಕೇಟು ನೋಡಿ, ಬದಲಾಯಿಸುವ ಎಡೆಯಲ್ಲಿ ಒಂದೇ ಗಂಟೆಯ ಬಿಡುವಿರುವ ಪ್ರಯಾಣವನ್ನು ಗೊತ್ತುಮಾಡುತ್ತಾರೆ. ಭಾಷೆಯರಿಯದ, ಮಂಡಿನೋವಿನ ತಂದೆತಾಯಿಗಳು ತಪಾಸಣೆಯ ಸಾಲಿನಲ್ಲಿ ನಿಂತಿರುವಾಗಲೇ ಮುಂದಿನ ವಿಮಾನ ಹೊರಟುಬಿಡಬಹುದು. ಆದುದರಿಂದ ಸಾಧ್ಯವಿದ್ದರೆ ನೇರ ವಿಮಾನವೇ ಲೇಸು. ಇಲ್ಲವಾದರೆ ಮೂರು ಗಂಟೆಯಾದರೂ ಬಿಡುವಿರಲಿ. ಎರಡೂ ಪ್ರಯಾಣಗಳು ಒಂದೇ ಟಿಕೇಟಿನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಆಗ ಕಂಪನಿಯ ಹೊಣೆ. ನಡುವೆ ಇಳಿಯುವ ದೇಶದ ವೀಸಾ ನಿಯಮವನ್ನು ಹಣ ಕಟ್ಟುವ ಮುನ್ನವೇ ವಿಚಾರಿಸಿರಿ. ಐರೋಪ್ಯ ನಿಲ್ದಾಣಗಳಲ್ಲಿ ನಡೆಯಲಾರದವರಿಗೆ ಗಾಲಿಕುರ್ಚಿಯ ನೆರವು ಉಚಿತ. 48 ಗಂಟೆ ಮೊದಲೇ ತಿಳಿಸಿರಬೇಕು. ನಿತ್ಯದ ಔಷಧಿ ಕೈಚೀಲದಲ್ಲಿಯೇ ಇರಲಿ.

ಹೀಗೆ ಹೋದವರು ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನೂ ನೆಮ್ಮದಿಯಿಂದ ದರ್ಶಿಸಿ ಬರಬಹುದು. ಟಿಕೇಟಿನಲ್ಲಿ ನಾಲ್ಕು ಸಾವಿರ ರೂಪಾಯಿ ಉಳಿಸುವುದಕ್ಕಿಂತ ಹೆತ್ತವರಿಗೆ ಎರಡು ಗಂಟೆಯ ನಿರಾತಂಕ ಒದಗಿಸುವುದು ಹೆಚ್ಚಿನ ಉಳಿತಾಯವೆಂದು ಮಕ್ಕಳು ತಿಳಿಯಲಿ.