ಮರಿ ಮೊಜಾರ್ಟ್ ಎಂಬ ಅವಮಾನ

ಆ ವಿಡಿಯೋವನ್ನು ನೀವೂ ನೋಡಿರಬಹುದು. ಪಿಯಾನೋ ಮುಂದೆ ಒಬ್ಬ ಪುಟ್ಟ ಹುಡುಗಿ. ಪಕ್ಕದಲ್ಲಿ ಒಂದು ಟೋಪಿ, ಅದರೊಳಗೆ ಸ್ವರಗಳ ಹೆಸರು ಬರೆದ ಚೀಟಿಗಳು. ಎದುರಿಗಿದ್ದವರು ಕೈಹಾಕಿ ಕೆಲವು ಚೀಟಿಗಳನ್ನು ಎತ್ತಿ ಕೊಡುತ್ತಾರೆ. ಹುಡುಗಿ ಅರೆಗಳಿಗೆ ಯೋಚಿಸುತ್ತಾಳೆ. ಆಮೇಲೆ ಆ ಬಿಡಿ ಸ್ವರಗಳನ್ನೇ ಹಿಡಿದು ಅಲ್ಲೇ ಒಂದು ರಚನೆಯನ್ನು ಕಟ್ಟಿ ನುಡಿಸಿಬಿಡುತ್ತಾಳೆ. ನೋಡಿದವರೆಲ್ಲರ ಬಾಯಲ್ಲೂ ಒಂದೇ ಮಾತು: ಮೊಜಾರ್ಟ್ ಮತ್ತೆ ಹುಟ್ಟಿಬಂದಿದ್ದಾನೆ!

ಮೊದಲ ಸಲ ನೋಡಿದಾಗ ನಾನೂ ಅದನ್ನೇ ಬರೆದು ನಾಲ್ಕು ಜನರಿಗೆ ಕಳಿಸಿದ್ದೆ. ಈಗ ಆ ಮಾತನ್ನು ವಾಪಸು ಪಡೆಯುತ್ತಿದ್ದೇನೆ. ಅಲ್ಮಾ ಡಾಯ್ಚರ್ ಎಂಬ ಆ ಹುಡುಗಿಯ ಪ್ರತಿಭೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವಿರುವುದು ನಮ್ಮ ಮೆಚ್ಚುಗೆಯ ಬಗ್ಗೆ. ನಾವು ಆಕೆಯನ್ನು ಪವಾಡವೆಂದು ಕರೆದೆವು. ಪವಾಡದ ಮುಂದೆ ಕೈಮುಗಿಯಬಹುದು, ಇಲ್ಲವೇ ಅದು ಸುಳ್ಳೆಂದು ನಗಬಹುದು. ಕೂತು ಕೇಳಿ, ಇದು ಸರಿ, ಇದು ತಪ್ಪು ಎಂದು ವಾದಿಸಲು ಬರುವುದಿಲ್ಲ. ಕಲಾವಿದೆಗೆ ಸಲ್ಲಬೇಕಾದ ದೊಡ್ಡ ಗೌರವವೇ ಆ ವಾದ. ಅದನ್ನೇ ಆಕೆಗೆ ಕೊಡದೆ ಉಳಿಸಿಕೊಂಡಿದ್ದೇವೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಅಲ್ಮಾ ಹುಟ್ಟಿದ್ದು 2005ರಲ್ಲಿ, ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ. ಭಾಷೆಯ ಬಗ್ಗೆ ಜನಪ್ರಿಯ ಪುಸ್ತಕಗಳನ್ನು ಬರೆದ ಭಾಷಾವಿಜ್ಞಾನಿ ಗೈ ಡಾಯ್ಚರ್ ಆಕೆಯ ತಂದೆ. ಪಿಯಾನೋ, ವಯಲಿನ್ ಎರಡನ್ನೂ ಕಲಿತ ಆಕೆ ಏಳರ ಹೊತ್ತಿಗೆ ಒಂದು ಕಿರು ಆಪೆರಾ ಬರೆದಳು. ಪೂರ್ಣಪ್ರಮಾಣದ 'ಸಿಂಡರೆಲ್ಲಾ' ಆಪೆರಾ 2016ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದಾಗ ಆಕೆಗೆ ಹನ್ನೊಂದು. ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಆ ಪ್ರದರ್ಶನಕ್ಕೆ ಪೋಷಕರಾಗಿ ನಿಂತಿದ್ದರು. ಮರುವರ್ಷ ಅದೇ ಆಪೆರಾ ಅಮೆರಿಕದ ಸ್ಯಾನ್ ಹೋಸೆಯಲ್ಲಿ. 2017ರಲ್ಲೇ ತನ್ನ ಪಿಯಾನೋ ಕಾನ್ಸರ್ಟೋವನ್ನು ತಾನೇ ನುಡಿಸಿದಳು. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಆಮೇಲೆ ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯದಲ್ಲಿ ಯೊಹಾನೆಸ್ ವಿಲ್ಡ್ನರ್ ಅವರ ಬಳಿ ವಾದ್ಯವೃಂದ ನಿರ್ದೇಶನದ ಕಲಿಕೆ. 2023ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಎರಡನೆಯ ದೊಡ್ಡ ಆಪೆರಾ, 'ಚಕ್ರವರ್ತಿಯ ಹೊಸ ವಾಲ್ಟ್ಸ್'.

ಈ ಪಟ್ಟಿಯನ್ನು ಓದುತ್ತಾ ನೀವು ಲೆಕ್ಕ ಹಾಕಿದ್ದು ವಯಸ್ಸನ್ನು ತಾನೇ? ಬರೆಯುವಾಗ ನಾನೂ ಅದನ್ನೇ ಮಾಡಿದೆ. ರೋಗ ಇರುವುದು ಅಲ್ಲೇ.

ಪವಾಡ ಎಂಬ ಮಾತು ಮೊದಲು ಅಳಿಸಿಹಾಕುವುದು ದುಡಿಮೆಯನ್ನು. ಟೋಪಿಯ ಚೀಟಿಗಳಿಂದ ಸಂಗೀತ ಕಟ್ಟುವುದು ಆಕಾಶದಿಂದ ಉದುರಿದ ವಿದ್ಯೆಯಲ್ಲ. 18ನೇ ಶತಮಾನದ ನೇಪಲ್ಸ್‌ನ ಸಂಗೀತಶಾಲೆಗಳಲ್ಲಿ 'ಪಾರ್ತಿಮೆಂತೋ' ಎಂಬ ಕಲಿಕೆಯ ಕ್ರಮವಿತ್ತು. ಗುರು ಕೊಡುತ್ತಿದ್ದುದು ಕೆಳಗಿನ ಮಂದ್ರದ ಸಾಲನ್ನು ಮಾತ್ರ. ಮೇಲಿನ ಸ್ವರಗಳನ್ನೆಲ್ಲ ಶಿಷ್ಯನೇ ಕೀಲಿಮಣೆಯ ಮುಂದೆ ಕೂತು, ನುಡಿಸುತ್ತಲೇ ತುಂಬಬೇಕು. ದಿನವೂ ಮಾಡಿ ಮಾಡಿ ಆ ವಿನ್ಯಾಸಗಳು ಬೆರಳಿಗೆ ಇಳಿಯುತ್ತಿದ್ದವು. ಆ ಶಾಲೆಗಳು ಶುರುವಾದದ್ದು ಅನಾಥಾಲಯಗಳಾಗಿ. ಅಲ್ಲಿನ ಮಕ್ಕಳನ್ನು ಯಾರೂ ದೇವರ ಅವತಾರ ಎನ್ನಲಿಲ್ಲ, ಕಸುಬು ಕಲಿಸಿದರು. ಮರೆತುಹೋಗಿದ್ದ ಈ ಪದ್ಧತಿಗೆ ನಮ್ಮ ಕಾಲದಲ್ಲಿ ಜೀವ ಕೊಟ್ಟವರಲ್ಲಿ ಅಮೆರಿಕದ ವಿದ್ವಾಂಸ ರಾಬರ್ಟ್ ಯರ್ಡಿಂಗೆನ್ ಒಬ್ಬರು. ಅಲ್ಮಾ ಪಳಗಿದ್ದು ಇದೇ ದಾರಿಯಲ್ಲಿ. ಸರಳೆ, ಜಂಟಿ ವರಸೆಗಳನ್ನು ಬೆಳಗಿನ ನಿದ್ದೆಗಣ್ಣಲ್ಲಿ ಹಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಕೆ ಅಸಾಧಾರಣಳು, ನಿಜ. ಆದರೆ ವಿವರಿಸಲಾಗದವಳಲ್ಲ.

ಎರಡನೆಯದಾಗಿ, ಮೊಜಾರ್ಟ್ ಎಂಬ ಹೆಸರು. ತನಗೆ ಮರಿ ಮೊಜಾರ್ಟ್ ಆಗುವುದು ಬೇಡ, ಅಲ್ಮಾ ಆಗಿದ್ದರೆ ಸಾಕು ಎಂದು ಆಕೆ ಚಿಕ್ಕಂದಿನಲ್ಲೇ ಹೇಳಿದ್ದಳು. ಆ ಉತ್ತರವನ್ನೂ ಮುದ್ದುಮಾತೆಂದು ಚಪ್ಪಾಳೆ ತಟ್ಟಿ, ಮರುದಿನ ಅದೇ ಬಿರುದನ್ನು ಮತ್ತೆ ಅಂಟಿಸಿದರು. ಆ ಮನೆಯಲ್ಲಿ ಇನ್ನೊಂದು ಮಗುವಿತ್ತು ಎಂಬುದು ಬಿರುದು ಕೊಡುವವರಿಗೆ ನೆನಪಿಲ್ಲ. 1751ರಲ್ಲಿ ಹುಟ್ಟಿದ ಅಕ್ಕ ಮರಿಯಾ ಅನ್ನಾ, ಮನೆಯವರ ಬಾಯಲ್ಲಿ ನಾನರ್ಲ್. ತಮ್ಮನ ಜೊತೆ ಯುರೋಪಿನ ಅರಮನೆಗಳಲ್ಲಿ ನುಡಿಸಿ ಬೆರಗು ಹುಟ್ಟಿಸಿದ ಬಾಲಕಿ. ಮದುವೆಯ ವಯಸ್ಸು ಬಂತೆಂದು ಆಕೆಯ ಪ್ರಯಾಣ ನಿಂತಿತು. ಆಕೆ ಸಂಗೀತ ರಚಿಸಿದ್ದಳೆಂಬುದು ತಮ್ಮನ ಪತ್ರದಿಂದ ಗೊತ್ತು. ಒಂದು ರಚನೆಯೂ ಉಳಿದಿಲ್ಲ. ಹುಡುಗಿಯೊಬ್ಬಳನ್ನು ಹೊಗಳಲು ಆ ಮನೆಯ ಗಂಡುಮಗುವಿನ ಹೆಸರನ್ನೇ ಎತ್ತಿ ತರುವವರು ಈ ಮೌನವನ್ನು ಕೇಳಿಸಿಕೊಂಡಿಲ್ಲ.

ಅಲ್ಮಾ ಕೇಳಿಸಿಕೊಂಡಿದ್ದಾಳೆ ಅನ್ನಿಸುವುದು 'ಸಿಂಡರೆಲ್ಲಾ' ಕತೆಯನ್ನು ಗಮನಿಸಿದಾಗ. ಆಕೆಯ ಸಿಂಡರೆಲ್ಲಾ ಸಂಗೀತ ರಚಿಸುವವಳು, ರಾಜಕುಮಾರ ಕವಿ. ಬರೆದವನು ಯಾರೆಂದು ತಿಳಿಯದೆ ಅವನ ಕವಿತೆಗೆ ಆಕೆ ರಾಗ ಹಾಕುತ್ತಾಳೆ. ಮಲತಾಯಿ ನಡೆಸುವುದು ಆಪೆರಾ ಮನೆ. ಮಲಸಹೋದರಿಯರು ಸಿಂಡರೆಲ್ಲಾಳ ಸಂಗೀತವನ್ನೇ ಕದಿಯುತ್ತಾರೆ. ಕೊನೆಗೆ ರಾಜಕುಮಾರ ಆಕೆಯನ್ನು ಹುಡುಕುವುದು ಚಪ್ಪಲಿಯ ಅಳತೆಯಿಂದಲ್ಲ, ನೆನಪಿನಲ್ಲುಳಿದ ಒಂದು ರಾಗದ ಎಳೆಯಿಂದ. ಹೆಣ್ಣಿನ ಕೃತಿಗೆ ಒಡತಿ ಯಾರು ಎಂಬ ಪ್ರಶ್ನೆಯನ್ನು ಹತ್ತು ವರ್ಷದ ಹುಡುಗಿ ಅಜ್ಜಿಕತೆಯೊಳಗೆ ಇಟ್ಟಿದ್ದಾಳೆ. ಟೋಪಿಯ ಆಟವನ್ನು ನೂರು ಸಲ ನೋಡಿದವರು ಇದರ ಬಗ್ಗೆ ಎಷ್ಟು ಮಾತಾಡಿದ್ದೇವೆ?

ಇಷ್ಟು ಗೌರವದಿಂದ ಕೇಳಿದ ಮೇಲೆ ನನಗೆ ಜಗಳ ಆಡುವ ಹಕ್ಕು ಬಂತು. ಅಲ್ಮಾ ಬರೆಯುವುದು ಶಾಸ್ತ್ರೀಯ ಮತ್ತು ರಮ್ಯ ಕಾಲದ ಯುರೋಪಿನ ಸಂಗೀತಭಾಷೆಯಲ್ಲಿ. ಅದು ಆಕೆಯ ಆಯ್ಕೆ, ತಕರಾರಿಲ್ಲ. ನನ್ನ ತಕರಾರು ಆಕೆ ಕೊಡುವ ಸಮರ್ಥನೆಯ ಬಗ್ಗೆ. ಲೋಕ ಕುರೂಪವಾಗಿದೆ, ಅದನ್ನೇ ಸಂಗೀತದಲ್ಲೂ ತೋರಿಸು ಎಂದು ತನಗೆ ಹೇಳುತ್ತಾರೆ, ತಾನು ಒಪ್ಪುವುದಿಲ್ಲ ಎಂಬುದು ಆಕೆಯ ನಿಲುವು. ಕಾರ್ನೆಗಿ ಹಾಲಿನಲ್ಲಿ ನುಡಿಸಿದ 'ಸೈರನ್ ಸೌಂಡ್ಸ್ ವಾಲ್ಟ್ಸ್' ಆ ನಿಲುವಿನ ಘೋಷಣೆಯೇ ಸರಿ: ವಿಯೆನ್ನಾದ ಬೀದಿಯ ಗದ್ದಲದಿಂದ, ಸೈರನ್ನುಗಳ ಕೂಗಿನಿಂದ ಶುರುವಾಗಿ ಇಂಪಾದ ವಾಲ್ಟ್ಸ್ ಆಗಿ ಅರಳುತ್ತದೆ. 'ಚಕ್ರವರ್ತಿಯ ಹೊಸ ವಾಲ್ಟ್ಸ್' ಎಂಬ ಹೆಸರು ಯಾರ ಬಟ್ಟೆಯ ಕಡೆ ಬೆರಳು ತೋರಿಸುತ್ತಿದೆ ಎಂದೂ ವಿವರಿಸಬೇಕಿಲ್ಲ.

ಆದರೆ ಚಕ್ರವರ್ತಿ ಯಾವಾಗಲೋ ಅರಮನೆ ಖಾಲಿ ಮಾಡಿದ್ದಾನೆ. 1950ರ ದಶಕದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಶಿಬಿರಗಳ ಸುತ್ತ ಬೆಳೆದ ಪಂಥಕ್ಕೆ ಮಾಧುರ್ಯ ಕಂಡರೆ ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಇವತ್ತು? ಎಸ್ಟೋನಿಯಾದ ಆರ್ವೋ ಪ್ಯಾರ್ಟ್ ಅವರ ಸಂಗೀತ ಪ್ರಾರ್ಥನೆಯಂತೆ ನಿಚ್ಚಳ. ಎಂಟು ಕಂಠಗಳ ಕೃತಿಗಾಗಿ 2013ರಲ್ಲಿ ಮೂವತ್ತರ ಹರೆಯದಲ್ಲೇ ಪುಲಿಟ್ಜರ್ ಪಡೆದ ಕ್ಯಾರೊಲಿನ್ ಶಾ ಅವರಲ್ಲಿ ಸೌಂದರ್ಯಕ್ಕೇನು ಬರವೇ? ಅವರು ಕಂಡುಕೊಂಡದ್ದು ಬೇರೆ ಸೌಂದರ್ಯ, ಅಷ್ಟೆ. ಇನ್ನು ಮೊಜಾರ್ಟ್! 1785ರಲ್ಲಿ ಹೇಡನ್‌ಗೆ ಅರ್ಪಿಸಿದ ತಂತಿವಾದ್ಯಗಳ ಚತುಷ್ಕವೊಂದು ಎಂತಹ ಕರ್ಕಶ ಘರ್ಷಣೆಯಿಂದ ತೆರೆದುಕೊಳ್ಳುತ್ತದೆಂದರೆ ಅದಕ್ಕೆ 'ಅಪಸ್ವರ' ಎಂದೇ ಅಡ್ಡಹೆಸರು ಬಿದ್ದಿದೆ. ಮರುವರ್ಷ ಆತ ಆಪೆರಾ ಮಾಡಿದ್ದು ವಿಯೆನ್ನಾದಲ್ಲಿ ಆಡಬಾರದೆಂದು ದೊರೆಯೇ ತಡೆದಿದ್ದ ಫಿಗರೋ ನಾಟಕವನ್ನು. ಆತನ ಇಂಪಿಗೆ ಬೆಲೆ ಬಂದದ್ದು ಆತ ಕಹಿಯನ್ನೂ ಬಲ್ಲವನಾದ್ದರಿಂದ. ಬೀದಿಯ ಸೈರನ್ನನ್ನು ವಾಲ್ಟ್ಸ್ ಆಗಿಸುವುದು ಸೊಗಸು. ಆದರೆ ಆ ಆಂಬುಲೆನ್ಸಿನಲ್ಲಿ ಯಾರೋ ಮಲಗಿದ್ದರು. ಸಂಗೀತ ಅವರನ್ನು ಮರೆತುಬಿಟ್ಟಿತು ಎಂಬುದು ನನ್ನ ದೂರು.

ಎದುರು ಪಾಳಯದವರೂ ಬೀಗಬೇಕಾಗಿಲ್ಲ. ಇದು ಬರೀ ಅನುಕರಣೆ, ಹಳೆಯ ಪೋಷಾಕು ಎಂದು ಒಂದು ವಾಕ್ಯದಲ್ಲಿ ತಳ್ಳಿಹಾಕುವವರೂ ಕೈಮುಗಿಯುವವರಷ್ಟೇ ಸೋಮಾರಿಗಳು. 1910ರಲ್ಲಿ ಹದಿಮೂರರ ಕೋರ್ನ್‌ಗೋಲ್ಡ್‌ನ ಕೃತಿ ವಿಯೆನ್ನಾದ ರಂಗದ ಮೇಲೆ ಬಂದಾಗಲೂ ಪವಾಡವೆಂದರು. ಆಮೇಲೆ ಆತ ಹಾಲಿವುಡ್ ಸೇರಿ, ರಮ್ಯ ಶೈಲಿಯನ್ನು ಬಿಡದಿದ್ದಾಗ ಕಾಲ ಮುಗಿದವನೆಂದರು. ಇವತ್ತು ಆತನ ವಯಲಿನ್ ಕಾನ್ಸರ್ಟೋವನ್ನು ದೊಡ್ಡ ದೊಡ್ಡ ವಾದಕರು ನುಡಿಸುತ್ತಾರೆ. ನವೋದಯ, ನವ್ಯಗಳ ಜಗಳ ಓದಿದವರಿಗೆ ಗೊತ್ತು: ಛಂದಸ್ಸು ಹಳೆಯದೆಂಬ ಕಾರಣಕ್ಕೆ ಕವಿತೆ ಸಾಯುವುದಿಲ್ಲ, ಹೊಸದೆಂಬ ಕಾರಣಕ್ಕೆ ಬದುಕುವುದೂ ಇಲ್ಲ.

ಅಲ್ಮಾ ಈಗ ಇಪ್ಪತ್ತು ದಾಟಿದ್ದಾಳೆ. ಪವಾಡದ ಅವಧಿ ಮುಗಿಯುವ ವಯಸ್ಸು ಇದು. ಜನ ಮುಂದಿನ ಪುಟ್ಟ ಹುಡುಗಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಮೊಜಾರ್ಟ್‌ನ ಮೊದಲ ನಿಸ್ಸಂಶಯ ಮೇರುಕೃತಿ ಎಂದು ಹಲವು ವಿಮರ್ಶಕರು ಎಣಿಸುವ ಪಿಯಾನೋ ಕಾನ್ಸರ್ಟೋ ಹುಟ್ಟಿದ್ದು 1777ರ ಜನವರಿಯಲ್ಲಿ, ಆತನಿಗೆ ಇಪ್ಪತ್ತೊಂದು ತುಂಬುವ ಹೊತ್ತಿಗೆ. ಬಾಲಪ್ರತಿಭೆಯ ಕಾಲದ ರಚನೆಗಳನ್ನು ನಾವು ಇವತ್ತು ಕೇಳುವುದೇ ಅಪರೂಪ. ಅಂದರೆ ನಿಜವಾದ ಕೆಲಸ ಶುರುವಾಗುವುದೇ ಚಪ್ಪಾಳೆ ತಗ್ಗಿದ ಮೇಲೆ.

ಆಕೆಯ ಕೆಲಸ ಆಕೆ ಮಾಡಿಕೊಳ್ಳುತ್ತಾಳೆ. ನಮ್ಮದೂ ಒಂದಿದೆ. ಮುಂದಿನ ಸಲ ಆಕೆಯ ಆಪೆರಾ ಕೇಳಿದವರು ಸಿಕ್ಕರೆ, ಬರೆದಾಗ ಆಕೆಗೆ ವಯಸ್ಸೆಷ್ಟಿತ್ತು ಎಂದು ಕೇಳಬೇಡಿ. ಕದ್ದ ರಾಗ ಕೊನೆಗೆ ಯಾರ ಕೈ ಸೇರಿತು ಎಂದು ಕೇಳಿ.