ಜಮಾ ಬದಿಯಲ್ಲಿ ಮಾರವಾ

ಹೋದ ತಿಂಗಳು ಒಂದು ಫೋನು ಬಂತು. "ನಮ್ಮ ಮಾವನವರು ಬರದಿಟ್ಟ ವಹಿ ಒಂದು ಟ್ರಂಕಿನೊಳಗ ಅವ ನೋಡ್ರಿ. ಮನಿ ಕೆಡವಲಿಕತ್ತೇವಿ. ರದ್ದಿಗೆ ಹಾಕಲಿಕ್ಕೆ ಮನಸ್ಸ ಆಗವಲ್ದು. ನೀವೊಮ್ಮೆ ಬಂದು ಹೋಗ್ರಿ" ಎಂದರು ಆ ಮನೆಯ ಸೊಸೆ. ಅವರಿಗೂ ಈಗ ಎಪ್ಪತ್ತರ ಹತ್ತಿರ. ಹಳೆ ಧಾರವಾಡದ ಹಂಚಿನ ಮನೆ, ಪಡಸಾಲೆಯ ಮೂಲೆಯಲ್ಲಿ ಹಸಿರು ಟ್ರಂಕು. ಒಳಗೆ ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಹನ್ನೊಂದು ವಹಿಗಳು. ಕಿರ್ದಿ ಬರೆಯುವ ವಹಿಗಳವು. ಮಾವ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನವಿಡೀ ಕಾಳುಕಡಿಯ ಲೆಕ್ಕ ಬರೆದ ಕೈ ರಾತ್ರಿ ಮನೆಗೆ ಬಂದು ಇನ್ನೊಂದು ಲೆಕ್ಕ ಬರೆಯುತ್ತಿತ್ತು. ಜಮಾ ಬದಿಯಲ್ಲಿ ಅಂದು ಕೇಳಿದ ಬೈಠಕ್ಕು, ನೋಡಿದ ನಾಟಕ, ಕೂತು ಬಂದ ಉಪನ್ಯಾಸ. ಖರ್ಚಿನ ಬದಿಯಲ್ಲಿ ಬಸ್ಸು, ಚಹಾ, ಎಲೆ ಅಡಿಕೆ.

ಎಪ್ಪತ್ತರ ದಶಕದ ಒಂದು ಡಿಸೆಂಬರಿನ ಪುಟದಲ್ಲಿ ಪತ್ರಿಕೆಯ ತುಣುಕೊಂದನ್ನು ಮಡಚಿ ಇಟ್ಟಿದ್ದರು. ತುಣುಕಿನಲ್ಲಿ ಅಚ್ಚಾದದ್ದೂ ವಹಿಯಲ್ಲಿ ಬರೆದದ್ದೂ ಒಂದೇ ಸಂಜೆಯ ಸಂಗತಿ. ವರದಿಯಲ್ಲಿ ದೀಪ ಬೆಳಗಿಸಿದವರ ಹೆಸರಿದೆ, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಸ್ವಾಗತ ಕೋರಿದವರು, ನಿರೂಪಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇದೆ. ಸಂಗೀತವು ದೈವದತ್ತವಾದದ್ದು ಎಂದು ಅಧ್ಯಕ್ಷರು ಅಭಿಪ್ರಾಯಪಟ್ಟದ್ದೂ ಇದೆ. ಕೊನೆಯ ಸಾಲಿನಲ್ಲಿ, ನಂತರ ಜರುಗಿದ ಶಾಸ್ತ್ರೀಯ ಗಾಯನ ಶ್ರೋತೃಗಳ ಮನ ತಣಿಸಿತು ಎಂದಿದೆ. ಹಾಡಿದವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ತಬಲಾ, ಹಾರ್ಮೋನಿಯಮ್ ನುಡಿಸಿದವರ ಹೆಸರೇ ಇಲ್ಲ.

ಇನ್ನು ವಹಿ. ಕಾರ್ಯಕ್ರಮ ನಾಲ್ಕೂವರೆಗೆ ಎಂದು ಕಾರ್ಡಿನಲ್ಲಿತ್ತು. ಗಾಯಕಿ ಮುಲ್ತಾನಿ ರಾಗ ಹಾಡಬೇಕೆಂದು ತಂಬೂರಿ ಕೂಡಿಸಿಕೊಂಡು ಬದಿಯ ಕೋಣೆಯಲ್ಲಿ ಕಾದಿದ್ದರು. ಭಾಷಣಗಳು ಮುಗಿದಾಗ ಆರು ದಾಟಿತ್ತು, ಹೊತ್ತು ಮುಳುಗಿತ್ತು, ಮುಲ್ತಾನಿಯ ವೇಳೆ ಹೋಗಿಯೇ ಬಿಟ್ಟಿತ್ತು. ಆಕೆ ವೇದಿಕೆಗೆ ಬಂದು, ಯಾರ ಮೇಲೂ ಮುನಿಯದೆ, ಎಲ್ಲರ ಎದುರಿಗೇ ಪಂಚಮದ ತಂತಿಯನ್ನು ನಿಷಾದಕ್ಕೆ ಏರಿಸಿಕೊಂಡು ಮಾರವಾ ಹಿಡಿದರಂತೆ. ಮಾರವಾದಲ್ಲಿ ಪಂಚಮವಿಲ್ಲ. ಆ ತಂತಿ ಏರುವ ಸದ್ದಿಗೇ ಬಲ್ಲವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು ಎಂದು ಗುಮಾಸ್ತರು ಬರೆದಿದ್ದಾರೆ. ವಿಲಂಬಿತ ಏಕತಾಲ, ದ್ರುತ ತೀನತಾಲ, ಒಂದು ತಾಸು ಹತ್ತು ಮಿನಿಟು. ತಬಲಾ ಯಾರು, ಪೇಟಿ ಯಾರು, ಹಿಂದೆ ದನಿ ಕೊಟ್ಟ ಹುಡುಗಿ ಯಾರ ಶಿಷ್ಯೆ, ಎಲ್ಲ ಇದೆ. ಜನ ನಲವತ್ತೊಂದು. ಖರ್ಚಿನ ಬದಿಯಲ್ಲಿ, ಚಹಾ 25 ಪೈಸೆ.

ಆ ಟ್ರಂಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗ ನನಗೆ ಸಂತೋಷವಾದಷ್ಟೇ ನಾಚಿಕೆಯೂ ಆಯಿತು. ಇಷ್ಟು ವರ್ಷ ಈ ಪತ್ರಿಕೆಯಲ್ಲಿ ನಾನೂ ವರದಿ ಬರೆದಿದ್ದೇನೆ, ಬರೆಸಿದ್ದೇನೆ. ಆ ತುಣುಕಿನಂಥ ವರದಿಗಳನ್ನೇ.

ಧಾರವಾಡವನ್ನು ಸಾಂಸ್ಕೃತಿಕ ನಗರಿ ಎಂದು ಕರೆಯುವುದು ರೂಢಿ. ಈ ಹೆಸರನ್ನು ಗಳಿಸಿಕೊಟ್ಟದ್ದು ದೊಡ್ಡ ಉತ್ಸವಗಳಲ್ಲ, ನಲವತ್ತು ಜನ ಕೂಡುವ ಇಂಥ ಸಂಜೆಗಳು. 1890ರಲ್ಲಿ ರಾ. ಹ. ದೇಶಪಾಂಡೆಯವರು ಮುಂದೆ ನಿಂತು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ಬೇಂದ್ರೆಯವರ ಗೆಳೆಯರ ಗುಂಪಿನವರೆಗೆ, ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದವರೆಗೆ, ಇಲ್ಲಿ ನಡೆದದ್ದೆಲ್ಲ ಮೊದಲು ಸಣ್ಣ ಕೂಟವಾಗಿಯೇ ನಡೆದದ್ದು. ಆ ಅಟ್ಟದ ಮೇಲೆ ಜಿ. ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಅವರ ಮಾತು ಕೇಳಲು ಮೆಟ್ಟಿಲು ಹತ್ತುತ್ತಿದ್ದವರು ಕೈಬೆರಳೆಣಿಕೆಯಷ್ಟು ಜನ. ಆದರೆ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಪುಸ್ತಕವಾಗಿ ಹೊರಬಿದ್ದದ್ದು ಅಲ್ಲಿಂದಲೇ. ಜನ ಎಷ್ಟು ಬಂದಿದ್ದರು ಎಂದು ಲೆಕ್ಕ ಹಾಕಿ ಕಾರ್ಯಕ್ರಮದ ಬೆಲೆ ಕಟ್ಟುವವರಿಗೆ ನಾನು ಈ ಅಟ್ಟವನ್ನು ತೋರಿಸುತ್ತೇನೆ.

ಇಂಥ ಸಣ್ಣ ಕೂಟಗಳೇ ಆದ ನಮ್ಮ ಊರಿನ ದತ್ತಿ ಉಪನ್ಯಾಸಗಳ ಬಗ್ಗೆ ಇಲ್ಲಿ ನಾಲ್ಕು ಮಾತು ಹೆಚ್ಚಾದರೂ ಚಿಂತೆಯಿಲ್ಲ, ಬರೆಯಲೇಬೇಕು. ತಂದೆ ತೀರಿಕೊಂಡ ಮೇಲೆ ಮಕ್ಕಳು ಕೂಡಿ ಒಂದಿಷ್ಟು ಇಡುಗಂಟು ತಂದು ಸಂಘಕ್ಕೆ ಕೊಡುತ್ತಾರೆ. ಬ್ಯಾಂಕಿನಲ್ಲಿ ಅದು ಠೇವಣಿಯಾಗಿ ಇರುತ್ತದೆ. ವರ್ಷಕ್ಕೊಮ್ಮೆ ಅದರ ಬಡ್ಡಿಯಲ್ಲಿ ಅವರ ಹೆಸರಿನಲ್ಲಿ ಒಂದು ಉಪನ್ಯಾಸ, ಒಂದು ಗಾಯನ. ಮನೆಯವರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಾರೆ, ಫೋಟೋಕ್ಕೆ ಹೂ ಏರಿಸುತ್ತಾರೆ, ತಮಗೆ ಗೊತ್ತಿರದ ವಚನಕಾರನ ಬಗ್ಗೆಯೋ ಶಾಸನದ ಬಗ್ಗೆಯೋ ಒಂದು ತಾಸು ಕೇಳಿ, ಚಹಾ ಚುರುಮುರಿ ಮುಗಿಸಿ ಹೋಗುತ್ತಾರೆ. ಶ್ರಾದ್ಧದಷ್ಟೇ ಶ್ರದ್ಧೆಯಿಂದ ಊರಿಗೆ ವಿದ್ಯೆ ಬಡಿಸುವ ಈ ಏರ್ಪಾಡಿನ ಮೇಲೆ ನನಗೆ ಬಹಳ ಪ್ರೀತಿ. ಆದರೆ ಅದರ ಲೆಕ್ಕ ಈಗ ಕೂಡುತ್ತಿಲ್ಲ. 25 ಸಾವಿರದ ಠೇವಣಿಗೆ ಶೇ. 12ರ ಬಡ್ಡಿ ಸಿಗುತ್ತಿದ್ದಾಗ ವರ್ಷಕ್ಕೆ 3,000 ರೂಪಾಯಿ ಬರುತ್ತಿತ್ತು. ಶೇ. 6ಕ್ಕೆ ಇಳಿದರೆ ಬರುವುದು 1,500. ಅದರಲ್ಲೇ ಕಾರ್ಡು ಅಚ್ಚು ಹಾಕಿಸಿ, ಮೈಕಿನವರಿಗೆ ಕೊಟ್ಟು, ಉಪನ್ಯಾಸಕರ ಬಸ್ಸಿನ ಖರ್ಚು ನೋಡಿ, ತಬಲಾದವರ ಕೈಯಲ್ಲಿ ಲಕೋಟೆ ಇಡಬೇಕು. ಮೊದಲು ತೆಳ್ಳಗಾಗುವುದು ಆ ಲಕೋಟೆಯೇ. ಮೊಮ್ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಗೆ ಇರುವ ಮನೆಗಳಿಗೆ ನನ್ನ ವಿನಂತಿ ಇಷ್ಟೇ: ಅಜ್ಜನ ದತ್ತಿಗೆ ಇನ್ನೊಂದಿಷ್ಟು ಕೂಡಿಸಿ.

ಮತ್ತೆ ವಹಿಯ ಮಾತಿಗೆ ಬರೋಣ. ಬರೆದಿಡದೆ ಹೋದರೆ ಕಳೆದುಹೋಗುವುದು ಏನು ಎಂಬುದಕ್ಕೆ ಧಾರವಾಡದವರಿಗೆ ಮಲ್ಲಿಕಾರ್ಜುನ ಮನಸೂರರಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ, ಭುರ್ಜಿಖಾನರಿಂದ ಜೈಪುರ ಘರಾಣೆಯ ವಿದ್ಯೆ ಪಡೆದವರು ಅವರು. ಬಹಾದುರಿ ತೋಡಿ, ಖಟ್, ಹೇಮನಟ, ಬಿಹಾರಿ, ಲಚ್ಛಾಸಾಖ ಇಂಥ ಅಪರೂಪದ ರಾಗಗಳು ಅವರ ನಾಲಿಗೆಯ ಮೇಲೆ ದಿನನಿತ್ಯದ ಮಾತಿನಷ್ಟು ಸಲೀಸಾಗಿದ್ದವು. 1992ರಲ್ಲಿ ಅವರು ತೀರಿಕೊಳ್ಳುವವರೆಗೆ ಈ ಊರು ಅವರನ್ನು ಹತ್ತಿರದಿಂದ ಕೇಳಿತು. ಅವರು ಖಟ್ ಹಾಡಿದ ಬೆಳಗನ್ನೂ ಇನ್ಯಾರೋ ಯಮನ್ ಹಾಡಿದ ಸಂಜೆಯನ್ನೂ "ಶಾಸ್ತ್ರೀಯ ಗಾಯನ ಜರುಗಿತು" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಮುಂದಿನವರಿಗೆ ತಿಳಿಯುವುದಾದರೂ ಏನು? ಅವರೇ 'ನನ್ನ ರಸಯಾತ್ರೆ' ಬರೆದರು, ಆಕಾಶವಾಣಿಯಲ್ಲಿ ಧ್ವನಿಮುದ್ರಣಗಳಾದವು, ಅಷ್ಟು ಉಳಿಯಿತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಲ್ಲಿ ಹಾಡಲು ಹೋದವರು ರಾಗ, ತಾಳ, ಮಿನಿಟು, ಸಾಥಿದಾರರ ಹೆಸರು ಬರೆದು ಕೊಡಬೇಕು. ಕಚೇರಿಯ ಶಿಸ್ತು ಅದು. ಆ ಶಿಸ್ತು ಪತ್ರಿಕೆಯವರಾದ ನಮಗೆ ಯಾಕೆ ಬರಲಿಲ್ಲ?

ಗಂಗೂಬಾಯಿ ಹಾನಗಲ್ಲರ ಕಚೇರಿಗಳಲ್ಲಿ ದಶಕಗಟ್ಟಲೆ ಹಿಂದೆ ಕೂತು ದನಿಗೂಡಿಸಿದವರು ಮಗಳು ಕೃಷ್ಣಾ ಹಾನಗಲ್. ಅವ್ವನ ಗಡುಸು ದನಿಯ ಪಕ್ಕದಲ್ಲಿ ಆ ದನಿ ಇಲ್ಲದಿದ್ದರೆ ನಾವು ಕೇಳಿದ ಗಂಗೂಬಾಯಿಯವರು ಬೇರೆಯೇ ಆಗುತ್ತಿದ್ದರು. ಹಿಂದೆ ಕೂತವರ ಹೆಸರು ಬಿಡುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ಫೋಟೋ ಹಾಕುವಾಗಲೂ ತಂಬೂರಿ ಹಿಡಿದವರನ್ನು ಕತ್ತರಿಸಿ ಹಾಕುತ್ತೇವೆ.

ಆಮಂತ್ರಣ ಪತ್ರಿಕೆಗಳದು ಇನ್ನೊಂದು ಕಥೆ. ವಾರ ಇರುತ್ತದೆ, ತಾರೀಖು ಇರುತ್ತದೆ, ಎಷ್ಟೋ ಸಲ ಇಸವಿ ಇರುವುದಿಲ್ಲ. ನಾಟಕ ಕಂಪನಿಗಳ ಹಳೆಯ ಹ್ಯಾಂಡ್‌ಬಿಲ್ಲುಗಳಲ್ಲಂತೂ ಇದು ಸಾಮಾನ್ಯ. "ಇದೇ ಶನಿವಾರ ರಾತ್ರಿ" ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಯಾವ ಶನಿವಾರ? ಅಂದು ಓದಿದವರಿಗೆ ಗೊತ್ತಿತ್ತು, ಸಾಕಾಗಿತ್ತು. ಏಣಗಿ ಬಾಳಪ್ಪನವರು ನೂರು ದಾಟಿ ಬಾಳಿದರು, ಕಂಪನಿ ನಾಟಕದ ಒಂದು ಇಡೀ ಕಾಲವನ್ನು ಬಾಯಿಂದ ಹೇಳಿದರು, ಕೇಳಿ ಬರೆದುಕೊಳ್ಳುವವರು ಸಿಕ್ಕರು. ಅವರ ಹಾಗೆ ಬಣ್ಣ ಹಚ್ಚಿ, ಡೇರೆಯಿಂದ ಡೇರೆಗೆ ಅಲೆದು, ಯಾರಿಗೂ ಹೇಳದೆ ಹೋದವರ ಹೆಸರುಗಳು ಆ ಇಸವಿ ಇಲ್ಲದ ಕಾಗದಗಳಲ್ಲಿ ಮಾತ್ರ ಇವೆ. ಅವೂ ರದ್ದಿಗೆ ಹೋಗುತ್ತಿವೆ.

ಕಾರ್ಡೇ ಇಲ್ಲದ ಕಾರ್ಯಕ್ರಮಗಳದು ಮತ್ತೂ ಕಷ್ಟ. ಶ್ರಾವಣದಲ್ಲಿ ತಿಂಗಳು ಪೂರ್ತಿ ನಡೆಯುವ ಭಜನೆ, ಮೊಹರಮ್ಮಿನ ರಿವಾಯತ ಪದ ಮತ್ತು ಹೆಜ್ಜೆಮೇಳ, ಹೋಳಿಯ ಹೊತ್ತಿನ ಜಗ್ಗಲಿಗೆ, ಸುಗ್ಗಿ ಮುಗಿದ ಮೇಲಿನ ದೊಡ್ಡಾಟ, ಸಣ್ಣಾಟ. ಊರಿನಿಂದ ಹತ್ತು ಹದಿನೈದು ಮೈಲಿಯೊಳಗೆ ಇವೆಲ್ಲ ಇವೆ. ಒಂದು ರಾತ್ರಿ ಪೂರ್ತಿ ಆಡಿದ ದೊಡ್ಡಾಟದ ಸಾರಥಿಯ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮರುದಿನ ಅವನು ಹೊಲಕ್ಕೆ ಹೋಗಿರುತ್ತಾನೆ. ಸಭಾಭವನ, ಬ್ಯಾನರು ಇದ್ದರೆ ಮಾತ್ರ ಅದು ಸಂಸ್ಕೃತಿ ಎಂಬ ತಪ್ಪು ತಿಳಿವಳಿಕೆಗೆ ನಮ್ಮ ಪುಟಗಳೂ ನೀರೆರೆದಿವೆ.

ಹೀಗಾಗಿ ಈ ಸಂಚಿಕೆಯಿಂದ ಕೊನೆಯ ನಾಲ್ಕು ಪುಟಗಳನ್ನು ಊರಿನ ಕಾರ್ಯಕ್ರಮಗಳಿಗೆ ಮೀಸಲಿಡುತ್ತಿದ್ದೇವೆ. ಮುಂದೆ ನಡೆಯುವುದರ ಜಾಹೀರಾತಿಗಲ್ಲ, ನಡೆದುಹೋದದ್ದರ ದಾಖಲೆಗೆ. ಎಲ್ಲಿ, ಯಾವಾಗ, ಇಸವಿ ಸಹಿತ. ಏನು ಹಾಡಿದರು, ಯಾವ ನಾಟಕ, ಯಾರು ಯಾವ ಪಾತ್ರ, ಬೆಳಕು ಯಾರದು, ಪೇಟಿ ಯಾರದು, ಉಪನ್ಯಾಸಕರು ಹೇಳಿದ್ದರಲ್ಲಿ ಹೊಸದೇನಿತ್ತು. ಎಷ್ಟು ಜನ ಇದ್ದರು ಎಂಬುದನ್ನೂ ನಿಜವಾಗಿ ಬರೆಯುತ್ತೇವೆ. ಒಂಬತ್ತೇ ಜನ ಇದ್ದರೆ ಒಂಬತ್ತು. ವೇದಿಕೆಯ ಮೇಲಿನ ಗಣ್ಯರ ಪಟ್ಟಿ ಇರುವುದಿಲ್ಲ. ಇದರಿಂದ ಕೆಲವರಿಗೆ ಬೇಸರವಾದೀತು, ಕ್ಷಮಿಸಬೇಕು.

ಇದಕ್ಕಿಂತ ಕಷ್ಟದ ಮಾತೊಂದಿದೆ. ಚೆನ್ನಾಗಿ ಆಗದ್ದನ್ನು ಚೆನ್ನಾಗಿ ಆಗಲಿಲ್ಲ ಎಂದು ಬರೆಯುವುದು. ಊರು ಸಣ್ಣದು. ಸಂಜೆ ಹಾಡಿದವರು ಮರುದಿನ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವಾಗ ಪಕ್ಕದಲ್ಲೇ ನಿಂತಿರುತ್ತಾರೆ. ಅವರ ಮಗಳು ನಮ್ಮ ಮಗಳ ಗೆಳತಿಯಾಗಿರುತ್ತಾಳೆ. ಈ ಸಂಕೋಚದಲ್ಲಿಯೇ ನಮ್ಮ ವಿಮರ್ಶೆಯೆಲ್ಲ ಶಾಲು ಹೊದಿಸುವ ಮಾತಾಗಿ ಹೋಯಿತು. ಆದರೆ ವಹಿಯ ಗುಮಾಸ್ತರನ್ನು ನೋಡಿ. ತಮಗೆ ಬಹಳ ಬೇಕಾದ ಗಾಯಕರೊಬ್ಬರ ಬಗ್ಗೆ ಒಂದು ಕಡೆ, ಇಂದು ತಾರ ಷಡ್ಜ ತಲುಪಲಿಲ್ಲ, ನೆಗಡಿ ಇತ್ತು, ಆದರೂ ಬಂದು ಹಾಡಿದರು ಎಂದು ಬರೆದಿದ್ದಾರೆ. ತಪ್ಪನ್ನೂ ಮುಚ್ಚಲಿಲ್ಲ, ಮನುಷ್ಯನನ್ನೂ ಬಿಡಲಿಲ್ಲ. ಆ ಅಳತೆಯಲ್ಲಿ ಬರೆಯಲು ನಾವು ಕಲಿಯಬೇಕು, ಓದುಗರೂ ಕಲಿಯಬೇಕು. ಮೊದಮೊದಲು ಮನಸ್ಸಿಗೆ ನೋವಾದೀತು. ನೋವಾದರೆ ಕಾರ್ಯಾಲಯಕ್ಕೆ ಬನ್ನಿ, ಚಹಾ ಕುಡಿಯುತ್ತ ಜಗಳಾಡೋಣ.

ಬರೆಯುವವರು ಯಾರು? ನಮ್ಮಲ್ಲಿ ವರದಿಗಾರರಿಲ್ಲ. ನೀವೇ ಬರೆಯಬೇಕು. ತಬಲಾ ಕಲಿಯುವ ಹುಡುಗರು, ನಿವೃತ್ತ ಶಿಕ್ಷಕರು, ರಂಗದ ಹಿಂದೆ ಸೆಟ್ಟು ಎತ್ತಿಡುವವರು, ಜಮಖಾನೆ ಹಾಸಿ ಮಡಚುವವರು. ರಾಗ ಗುರುತು ಹತ್ತದಿದ್ದರೆ ಹಾಡಿದವರನ್ನೇ ಕೇಳಿ, ಯಾರೂ ಹೇಳದೆ ಇರುವುದಿಲ್ಲ. ಒಂದು ಪುಟ ಸಾಕು. ಪ್ರತಿ ತಿಂಗಳು ಇಪ್ಪತ್ತರೊಳಗೆ ಮುಟ್ಟಿಸಿ. ಮನೆಯ ಅಟ್ಟದಲ್ಲಿ ಹಳೆಯ ಕಾರ್ಡು, ಹ್ಯಾಂಡ್‌ಬಿಲ್ಲು, ಫೋಟೋ ಇದ್ದರೆ ತನ್ನಿ, ಪ್ರತಿ ಮಾಡಿಕೊಂಡು ಅಂದೇ ಮರಳಿ ಕೊಡುತ್ತೇವೆ.

ವಹಿಗಳನ್ನು ಕಟ್ಟಿಕೊಂಡು ಹೊರಡುವಾಗ ಸೊಸೆ ಕೊನೆಯದನ್ನು ತೆರೆದು ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಹಾಳೆ ಹಾಗೇ ಇದ್ದವು. "ಇಷ್ಟು ಹಾಳಿ ಖಾಲಿ ಉಳದಾವ ನೋಡ್ರಿ. ಕಾಗದ ಛಲೋ ಅದ, ಬರೀಲಿಕ್ಕೆ ಬರ್ತಾವ" ಎಂದರು.

ಈ ಸಂಚಿಕೆಯ ಮೊದಲ ಟಿಪ್ಪಣಿಯನ್ನು ಅದೇ ಹಾಳೆಯ ಮೇಲೆ ಬರೆಸಿದ್ದೇವೆ. ಬರೆದವಳು ಬಿ.ಎ. ಓದುವ, ತಬಲಾ ಕಲಿಯುವ ಹುಡುಗಿ. ಸಾಧನಕೇರಿಯ ಆಚೆ ಒಂದು ಮನೆಯ ಹಾಲಿನಲ್ಲಿ ನಡೆದ ಬೈಠಕ್ಕು. ಭೀಮಪಲಾಸಿ, ಆಮೇಲೆ ಎರಡು ವಚನ. ಕರೆಂಟು ಹೋದದ್ದು ಹನ್ನೆರಡು ಮಿನಿಟು, ಹಾಡು ನಿಲ್ಲಲಿಲ್ಲ. ಜನ ಹತ್ತೊಂಬತ್ತು, ಅದರಲ್ಲಿ ಮೂವರು ಮಕ್ಕಳು. ಗೆರೆ ಎಳೆದು ಬಲಗಡೆ ಖರ್ಚೂ ಬರೆದಿದ್ದಾಳೆ: ಚಹಾ, ಮನೆಯವರದೇ. ಬಸ್ಸು, ಶಕ್ತಿ ಯೋಜನೆ, ಸೊನ್ನೆ.