ಇಪ್ಪತ್ತು ಕುದುರೆಯ ದಾರಿಗೆ ಇನ್ನೂರು ಕುದುರೆ

ಘಟ್ಟದ ಮೇಲೆ ಬದುಕುವ ನಮಗೆ ಶನಿವಾರ ಬಂತೆಂದು ತಿಳಿಯಲು ಪಂಚಾಂಗ ಬೇಕಾಗಿಲ್ಲ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಕೆಳಗಿನ ತಿರುವುಗಳಿಂದ ಪಟಾಕಿ ಸಿಡಿದಂಥ ಸದ್ದು ಏರಿಬರುತ್ತದೆ. ದನ ಬೆಚ್ಚಿ ಕಾಲೆತ್ತುತ್ತದೆ. ತುಸು ಹೊತ್ತಿನಲ್ಲಿ ಒಂದರ ಹಿಂದೊಂದು ನಾಲ್ಕೈದು ಕಾರುಗಳು ಊರ ಮುಂದಿನ ರಸ್ತೆಯನ್ನು ಸೀಳಿಕೊಂಡು ಹೋಗುತ್ತವೆ. ಅವು ಸಿರಿವಂತರ ದೊಡ್ಡ ಕಾರುಗಳಲ್ಲ. ಶಾಲಾ ಮಾಸ್ತರರೂ ಬ್ಯಾಂಕಿನ ಗುಮಾಸ್ತರೂ ಕಂತಿನ ಮೇಲೆ ಕೊಳ್ಳುವಂಥ ಪುಟ್ಟ ಕಾರುಗಳು. ಹೊಟ್ಟೆಯೊಳಗಿನ ಯಂತ್ರ ಮಾತ್ರ ಬೇರೆಯಾಗಿದೆ.

2023ರ ಆಷಾಢದ ಒಂದು ಸಂಜೆ ಅಂಥದೊಂದು ಕಾರು ನಮ್ಮ ಘಾಟಿಯ ಏಳನೆಯ ತಿರುವಿನಲ್ಲಿ ನೇರವಾಗಿ ಮೋರಿಯ ಕಟ್ಟೆಗೆ ಬಡಿದು ಚರಂಡಿಗೆ ಇಳಿಯಿತು. ಹೈಸ್ಕೂಲಿನ ಮಕ್ಕಳು ಬಸ್ಸಿನಿಂದಿಳಿದು, ಮಳೆ ಬಿಡಲೆಂದು ಕುಳಿತುಕೊಳ್ಳುವ ಕಟ್ಟೆ ಅದೇ. ಅಂದು ಬಸ್ಸು ಬೇಗ ಬಂದಿತ್ತು. ಮಕ್ಕಳು ಎದ್ದುಹೋಗಿ ಹತ್ತು ನಿಮಿಷವಾಗಿತ್ತು. ಕಾರಿನಲ್ಲಿದ್ದವನು ಒಬ್ಬನೇ, ಇಪ್ಪತ್ತನಾಲ್ಕರ ಹುಡುಗ. ಊರು ಜೇವರ್ಗಿ, ಕೆಲಸ ಬೆಂಗಳೂರು. ನಮ್ಮ ಜಗಲಿಯಲ್ಲಿ ಕುಳಿತು ನಡುಗುತ್ತ ಬಿಸಿನೀರು ಕುಡಿದ ಮೇಲೆ ಹೇಳಿದ: “ಸೀದಾ ರೋಡಿನ್ಯಾಗ ಹುಲಿ ಅದರಿ ಕಾಕಾ. ಇಲ್ಲಿ ಯಾಕೋ ಮುಂದಿನ ಗಾಲಿ ಮಾತೇ ಕೇಳಲಿಲ್ಲ.”

ಗಾಲಿ ಯಾಕೆ ಮಾತು ಕೇಳಲಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿ ಓದುಗರು ತಿಳಿಯಬೇಕೆಂದೇ ಈ ಬರಹ. ಹುಡುಗ ಕೆಟ್ಟವನಲ್ಲ. ಅವನಿಗೆ ಮಾರಿದ ಸರಕು ಕೆಟ್ಟದ್ದು.

ಯಂತ್ರದ ಶಕ್ತಿ ಅದು ಎಷ್ಟು ಗಾಳಿಯನ್ನು ನುಂಗಿ ಎಷ್ಟು ಇಂಧನವನ್ನು ಸುಡಬಲ್ಲದು ಎಂಬುದರಲ್ಲಿದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲಿ ಒಂದು ಉಪಾಯಕ್ಕೆ ಪೇಟೆಂಟ್ ಪಡೆದ. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯ. ಅದೇ ಟರ್ಬೊ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಈ ಪುಟ್ಟ ಚಕ್ರ ಮೂಲತಃ ಮಿತವ್ಯಯದ ಸಾಧನ. ಸಣ್ಣ ಯಂತ್ರ ದಿನವಿಡೀ ಕಡಿಮೆ ಕುಡಿದು, ಬೇಕಾದ ಕ್ಷಣದಲ್ಲಿ ಮಾತ್ರ ದೊಡ್ಡದರ ಕೆಲಸ ಮಾಡಲಿ ಎಂಬುದು ಅದರ ಹಿಂದಿನ ಎಣಿಕೆ. 1983ರಲ್ಲಿ ಬಂದ ಮಾರುತಿ 800ರ ಮೂರು ಸಿಲಿಂಡರಿನ ಯಂತ್ರ 40ಕ್ಕೂ ಕಡಿಮೆ ಅಶ್ವಶಕ್ತಿ ಕೊಡುತ್ತಿತ್ತು. 2017ರ ಬಲೆನೊ ಆರ್‌ಎಸ್‌ನಲ್ಲಿಯೂ ಮೂರೇ ಸಿಲಿಂಡರು, ಒಂದೇ ಲೀಟರು. ಟರ್ಬೊದ ದೆಸೆಯಿಂದ ಅದು 100ನ್ನು ಮುಟ್ಟಿತು. 2013ರ ಪೋಲೊ ಜಿಟಿ 1.2 ಲೀಟರಿನಲ್ಲಿ 105 ಕೊಟ್ಟಿತು.

ಇಷ್ಟಕ್ಕೆ ತೃಪ್ತರಾಗದವರಿಗಾಗಿಯೇ ಬೆಂಗಳೂರಿನಂಥ ನಗರಗಳಲ್ಲಿ ಒಂದು ವ್ಯಾಪಾರ ಬೆಳೆದಿದೆ. ಟರ್ಬೊ ಎಷ್ಟು ಒತ್ತಬೇಕು, ಪೆಟ್ರೋಲ್ ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂಬ ಲೆಕ್ಕವೆಲ್ಲ ಕಾರಿನೊಳಗಿನ ಸಣ್ಣ ಕಂಪ್ಯೂಟರಿನಲ್ಲಿದೆ. ಮೊದಲ ಮೆಟ್ಟಿಲೆಂದರೆ ಆ ಲೆಕ್ಕವನ್ನು ತಿದ್ದುವುದು. ಅರ್ಧ ದಿನದ ಕೆಲಸದಲ್ಲಿ ಶಕ್ತಿ ಕಾಲುಭಾಗದಷ್ಟು ಏರುತ್ತದೆ. ಎರಡನೆಯದು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಬಯಲು ಕೊಳವೆ ಜೋಡಿಸುವುದು. ಮೂರನೆಯದು ದೊಡ್ಡ ಟರ್ಬೊ, ದೊಡ್ಡ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್. ಅಲ್ಲಿಗೆ 100 ಇದ್ದದ್ದು 200ರತ್ತ ಓಡುತ್ತದೆ. ಇದು ಸಾಧ್ಯವೆಂಬುದರಲ್ಲಿ ಪವಾಡವೇನೂ ಇಲ್ಲ. 1980ರ ದಶಕದ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಬಿಎಂಡಬ್ಲ್ಯು ಕಂಪನಿಯ ಒಂದೂವರೆ ಲೀಟರಿನ ಯಂತ್ರ ಅರ್ಹತಾ ಸುತ್ತುಗಳಲ್ಲಿ 1,000 ಅಶ್ವಶಕ್ತಿಯನ್ನೂ ಮೀರಿತ್ತು. ಅಂಥ ಯಂತ್ರದ ಆಯುಷ್ಯ ಕೆಲವೇ ಸುತ್ತು. ಈ ಎರಡನೆಯ ಮಾತನ್ನು ಗ್ಯಾರೇಜಿನವರು ಹೇಳುವುದಿಲ್ಲ.

ಇನ್ನು ನಾವು ಕೇಳಬೇಕಾದ ಪ್ರಶ್ನೆ: ಇಷ್ಟು ಶಕ್ತಿ ಯಾವ ದಾರಿಗೆ ಬೇಕು? ಹತ್ತನೆಯ ತರಗತಿಯ ಭೌತವಿಜ್ಞಾನ ಸಾಕು, ಲೆಕ್ಕ ಮಾಡೋಣ. ನಾಲ್ವರು ಕುಳಿತ ಚಿಕ್ಕ ಕಾರಿನ ತೂಕ 1,200 ಕಿಲೋ ಎನ್ನಿ. 15 ಮೀಟರ್ ಸಾಗಿದರೆ 1 ಮೀಟರ್ ಏರುವ ಘಾಟಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಏರಿದರೆ ಕಾರು ಸೆಕೆಂಡಿಗೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಮೇಲೇರುತ್ತದೆ. ಅದಕ್ಕೆ ಬೇಕಾದ ಶಕ್ತಿ ಸುಮಾರು 8,700 ವ್ಯಾಟ್. 746 ವ್ಯಾಟಿಗೆ ಒಂದರಂತೆ 12 ಅಶ್ವಶಕ್ತಿಗೂ ಕಡಿಮೆ. ಟೈರಿನ ಉಜ್ಜಿಗೆ, ಗಾಳಿಯ ತಡೆಗೆ ಇನ್ನು ಮೂರೂವರೆ. ಗೇರುಗಳ ನಷ್ಟ ಸೇರಿಸಿ ಉದಾರವಾಗಿ 20 ಎಂದಿಟ್ಟುಕೊಳ್ಳಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಾರುತಿ 800 ಎರಡು ದಶಕ ಕಾಲ ಸಂಸಾರ ಸಮೇತ ಹತ್ತಿದ್ದು ಹೀಗೆಯೇ.

ಜೇವರ್ಗಿಯ ಬಯಲು ಹೆದ್ದಾರಿಯ ಲೆಕ್ಕ ಇನ್ನೂ ಸುಲಭ. ಸಮತಟ್ಟಾದ ದಾರಿಯಲ್ಲಿ 80 ಕಿ.ಮೀ. ವೇಗಕ್ಕೆ ಚಕ್ರದ ಬಳಿ ಬೇಕಾಗುವುದು 12 ಅಶ್ವಶಕ್ತಿಯ ಆಸುಪಾಸು. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆ; ಆದರೂ 160 ಕಿ.ಮೀ. ವೇಗಕ್ಕೆ 60 ಸಾಕು. 200 ಅಶ್ವಶಕ್ತಿ ಬೇಕಾಗುವುದು ಎತ್ತಿನ ಗಾಡಿಯೂ ಟ್ರ್ಯಾಕ್ಟರೂ ಕುರಿಮಂದೆಯೂ ದಾಟುವ ರಸ್ತೆಯಲ್ಲಿ ಯಾರೂ ಓಡಬಾರದ ವೇಗಕ್ಕೆ.

ಈಗ ಮಾತು ಕೇಳದ ಗಾಲಿಯ ಸಂಗತಿ. ಈ ಅಗ್ಗದ ಕಾರುಗಳಲ್ಲಿ ಯಂತ್ರದ ಎಳೆತವೂ ಮುಂದಿನ ಗಾಲಿಗಳಿಗೆ, ದಿಕ್ಕು ತಿರುಗಿಸುವ ಹೊಣೆಯೂ ಮುಂದಿನ ಗಾಲಿಗಳಿಗೆ. ಟೈರಿನ ಹಿಡಿತ ಒಂದು ಗಂಟು ಹಣವಿದ್ದಂತೆ. ಎಳೆತಕ್ಕೆ ಖರ್ಚು ಮಾಡಿದ್ದು ತಿರುವಿಗೆ ಉಳಿಯದು. ಏರುದಾರಿಯಲ್ಲಿ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ, ವೇಗ ಹೆಚ್ಚಿಸಿದಾಗ ಮತ್ತಷ್ಟು ಸರಿಯುತ್ತದೆ. ಅಂದರೆ ಹೆಚ್ಚು ಹಿಡಿತ ಬೇಕಾದ ಹೊತ್ತಿಗೇ ಮುಂದಿನ ಗಾಲಿ ಹಗುರಾಗುತ್ತದೆ. ಸಾದಾ ಡಿಫರೆನ್ಷಿಯಲ್ ಇದ್ದರೆ ತಿರುವಿನ ಒಳಬದಿಯ ಹಗುರ ಗಾಲಿ ಸುಮ್ಮನೆ ಗಿರಗಿರನೆ ಸುತ್ತುತ್ತದೆ. ಇದರ ಮೇಲೆ ದೊಡ್ಡ ಟರ್ಬೊದ ಕುಂಭಕರ್ಣ ನಿದ್ರೆ ಬೇರೆ: ಕಾಲೊತ್ತಿದಾಗ ಕ್ಷಣಕಾಲ ಏನೂ ಇಲ್ಲ, ಆಮೇಲೆ ಎಲ್ಲವೂ ಒಮ್ಮೆಲೇ. ಪಾಚಿಗಟ್ಟಿದ ಡಾಂಬರು, ಮೇಲಿನಿಂದ ಹರಿದ ಕೆಂಪು ನೀರು, ಹೂತುಬಿದ್ದ ಎಲೆ. ಆ ಹುಡುಗ ಸ್ಟಿಯರಿಂಗ್ ತಿರುಗಿಸಿದ್ದ. ಕಾರು ಮಾತ್ರ ನೇರ ಹೋಯಿತು. ಅವನ ಕಾರಿನ ಶಕ್ತಿ 160ಕ್ಕೆ ಏರಿತ್ತು, ಬ್ರೇಕು 100ರದ್ದೇ ಇತ್ತು. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

2024ರ ಬೇಸಿಗೆಯಲ್ಲಿ ಅವನ ಅಕ್ಕನ ಮದುವೆಗೆಂದು ಆ ಕಡೆ ಹೋಗಿದ್ದೆ. ಮಲೆನಾಡಿನವರು ಒಮ್ಮೆಯಾದರೂ ನೋಡಬೇಕಾದ ಸೀಮೆ ಅದು. ಕಣ್ಣು ಹರಿಯುವವರೆಗೆ ಕರಿಮಣ್ಣು, ತೊಗರಿ ಕೊಯ್ದ ಕೂಳೆ, ಅಫಜಲಪುರದ ಬಳಿ ಬತ್ತಿ ಬಿಳಿಚಿಕೊಂಡ ಭೀಮೆ. 2002ರ ನಂಜುಂಡಪ್ಪ ಸಮಿತಿಯ ವರದಿ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇವೆ. ಸಂಜೆಯಾದ ಮೇಲೆ ಆಳಂದದಿಂದ ಹಳ್ಳಿಗೆ ಹೊರಟವರು ಟಂಟಂ ಮತ್ತು ಕ್ರೂಸರುಗಳ ಹಿಂದೆ ಜೋತುಬಿದ್ದು ಹೋಗುವುದನ್ನು ಕಂಡೆ. ಸಾರಿಗೆ ನಿಗಮಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೊಸ ಹೆಸರು ಬಂತು. ನಾನಿದ್ದ ಹಳ್ಳಿಗೆ ರಾತ್ರಿಯ ಬಸ್ಸು ಬಂದಿರಲಿಲ್ಲ.

ಅದೇ ರಾತ್ರಿ ಮದುವೆಮನೆಯ ಹುಡುಗರು ನನ್ನನ್ನು ಹೆದ್ದಾರಿಗೆ ಕರೆದೊಯ್ದರು. ಮೂರು ತಾಲ್ಲೂಕಿನ ಗೆಳೆಯರು, ನಾಲ್ಕು ಪುಟ್ಟ ಕಾರು. ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತ ಸೊನ್ನೆಯಿಂದ ನೂರಕ್ಕೆ ಯಾರು ಮೊದಲು ಎಂಬ ಸ್ಪರ್ಧೆ. ಆಳಂದದವನ ಹಳೆಯ ಡೀಸೆಲ್ ಕಾರು ಕಾಲೊತ್ತಿದಾಗಲೆಲ್ಲ ಕಾಡಿಗೆಯಂಥ ಹೊಗೆ ಉಗುಳುತ್ತಿತ್ತು. ಅದನ್ನವರು ಹೆಮ್ಮೆಯಿಂದ ತೋರಿಸಿದರು. ಅಫಜಲಪುರದವನ ಕಾರು ಬಂದೇ ಇರಲಿಲ್ಲ. ಅದರ ಪಿಸ್ಟನ್ ತೂತಾಗಿ ಎರಡು ತಿಂಗಳಾಗಿತ್ತು. ಕಾರಣ ಸರಳ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬೆಂಗಳೂರಿನ ಮಾಗಿಯ ತಂಪಿನಲ್ಲಿ, ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿ ಹೊಂದಿಸಿದ ಲೆಕ್ಕ, 40 ಡಿಗ್ರಿ ದಾಟಿದ ಕಲಬುರಗಿಯ ಬಿಸಿಲಿನಲ್ಲಿ, ತಾಲ್ಲೂಕಿನ ಬಂಕಿನ ಸಾದಾ ಪೆಟ್ರೋಲಿನಲ್ಲಿ ನಿಲ್ಲುವುದಿಲ್ಲ. ಕಿಡಿ ತಾಗುವ ಮೊದಲೇ ಇಂಧನ ತಾನಾಗಿ ಸಿಡಿದು ಪಿಸ್ಟನ್ ಕರಗುತ್ತದೆ. ಆ ಯಂತ್ರಕ್ಕೆ ಸುರಿದದ್ದು ಅಪ್ಪ ತೊಗರಿ ಮಾರಿದ ಹಣ. ಊರಿಗೆ ಬಸ್ಸಿಲ್ಲದ ಹುಡುಗನಿಗೆ ಅಶ್ವಶಕ್ತಿಯ ಕನಸು ಮಾರುವವರ ಬಗ್ಗೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಸರ್ಕಾರದ ಬುದ್ಧಿಯನ್ನೂ ನೋಡಿ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1.2 ಲೀಟರ್ ದಾಟದ ಕಾರುಗಳಿಗೆ ತೆರಿಗೆ ಇಳಿಸಿದರು. 2025ರ ಸೆಪ್ಟೆಂಬರಿನಲ್ಲಿ ಅದೇ ವರ್ಗಕ್ಕೆ ಜಿಎಸ್‌ಟಿಯನ್ನು ಶೇ. 18ಕ್ಕೆ ತಂದರು. ಸಣ್ಣ ಯಂತ್ರ ಕಡಿಮೆ ಸುಡುತ್ತದೆ, ಸಾಮಾನ್ಯನಿಗೆ ನೆರವಾಗುತ್ತದೆ ಎಂಬುದೇ ಈ ರಿಯಾಯಿತಿಯ ಸಮರ್ಥನೆ. ಸಾರ್ವಜನಿಕರ ಹಣದಿಂದ ಅಗ್ಗವಾದ ಆ ಸಣ್ಣ ಯಂತ್ರವನ್ನೇ ಹಿಗ್ಗಿಸಿ ದೊಡ್ಡದರಷ್ಟು ಕುಡಿಸುವುದು ರಿಯಾಯಿತಿಯ ಕಳವಲ್ಲದೆ ಮತ್ತೇನು? ಆ ಪಟಾಕಿ ಸದ್ದಂತೂ ಶುದ್ಧ ದುಂದು. ಕಾಲು ತೆಗೆದಾಗಲೂ ಪೆಟ್ರೋಲ್ ಚಿಮ್ಮಿಸಿ, ಕಿಡಿಯನ್ನು ತಡಮಾಡಿ, ಅದು ಹೊಗೆಕೊಳವೆಯಲ್ಲಿ ಸಿಡಿಯುವಂತೆ ಬೇಕೆಂದೇ ಹೊಂದಿಸಿರುತ್ತಾರೆ. ಚಲನೆಗಲ್ಲ, ಸದ್ದಿಗಾಗಿ ಇಂಧನ!

2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಹೊಗೆ ಶುದ್ಧವಾಯಿತು ಎಂದು ನಾವು ನಂಬಿದ್ದೆವು. ಕನ್ವರ್ಟರು ಕಿತ್ತ ಕಾರಿಗೆ ಬಿಎಸ್ ಯಾವುದಾದರೇನು? ಹೊಗೆ ತಪಾಸಣೆಯಲ್ಲಿ ಇದನ್ನು ಹಿಡಿಯುವುದು ಕಷ್ಟ. ಕಾರು ನಿಂತಲ್ಲೇ, ಭಾರವಿಲ್ಲದೆ ಗುರುಗುಡುವಾಗ ಮಾಡುವ ಪರೀಕ್ಷೆ ಅದು. ಏರಿನಲ್ಲಿ ಕಾಲೊತ್ತಿದಾಗ ಏನು ಹೊರಬೀಳುತ್ತದೆಂದು ಅಳೆಯುವವರು ಯಾರೂ ಇಲ್ಲ, ನಮ್ಮ ಮೂಗಿನ ಹೊರತು.

ಕಾನೂನಿಲ್ಲವೆಂದಲ್ಲ. ವಾಹನವನ್ನು ತಯಾರಕರ ಮೂಲ ನಮೂನೆಯಿಂದ ಬದಲಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿ 182ಎ ಕಲಂ ತಂದು, ಪ್ರತಿಯೊಂದು ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದಿತು. ಆದರೆ ಕಂಪ್ಯೂಟರಿನೊಳಗಿನ ಮಾರ್ಪಾಡು ಕಣ್ಣಿಗೆ ಕಾಣದು. ಕಾಣುವ ಕೊಳವೆಯನ್ನೂ ಯಾರೂ ಬಗ್ಗಿ ನೋಡುವುದಿಲ್ಲ.

“ಪೇಟೆಯವರನ್ನೇ ಯಾಕೆ ಬೈಯುತ್ತೀರಿ, ನಮ್ಮ ಹುಡುಗರೇನು ಸಾಚಾಗಳೆ?” ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಮಾತು. ಅಡಿಕೆ ಧಾರಣೆ ಏರಿದ ವರ್ಷ ನಮ್ಮೂರಲ್ಲೇ ಎಷ್ಟು ಬೈಕುಗಳ ಸೈಲೆನ್ಸರು ಮಾಯವಾದವು ಎಂದು ಎಲ್ಲರಿಗೂ ಗೊತ್ತಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆದಾಗ ಬೇಲಿ ಹತ್ತಿ ನೋಡಿದವರಲ್ಲಿ ನಾನೂ ಒಬ್ಬ. ಅಲ್ಲಿ ದಾರಿ ಮುಚ್ಚಿರುತ್ತಾರೆ, ಪರವಾನಗಿ ಇರುತ್ತದೆ, ಆಂಬ್ಯುಲೆನ್ಸ್ ನಿಂತಿರುತ್ತದೆ. ಆದರೂ ಕಾಡಂಚಿನಲ್ಲಿ ಅದು ಬೇಡವೆಂಬುದೇ ನನ್ನ ನಿಲುವು. ಯಂತ್ರವಿದ್ಯೆಯಲ್ಲಿ ಆಸಕ್ತಿಯಿರುವ ಹುಡುಗರನ್ನು ನಾನು ಹಳಿಯಲಾರೆ, ಒಂದು ಲೀಟರಿನಿಂದ ಇನ್ನೂರು ಅಶ್ವಶಕ್ತಿ ತೆಗೆಯುವುದು ಬುದ್ಧಿವಂತಿಕೆಯ ಕೆಲಸವೇ. ಕೊಯಮತ್ತೂರಿನ ಕರಿ ವೇಗಪಥವಿದೆ, ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈ ಇದೆ. ಅಲ್ಲಿ ಓಡಿಸಲಿ. ಶಾಲೆಯ ಮಕ್ಕಳು ನಡೆಯುವ, ಮಳೆಗಾಲದ ರಾತ್ರಿ ಕಪ್ಪೆಗಳು ದಾಟುವ ದಾರಿ ಯಾರ ಪ್ರಯೋಗಶಾಲೆಯೂ ಅಲ್ಲ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರ ತಡೆಯಲು ಸಾಧ್ಯವಾದ ನಾಡಿನಲ್ಲಿ, ವಾರಾಂತ್ಯದ ಎರಡು ಬೆಳಗು ಘಾಟಿಯ ಬುಡದಲ್ಲಿ ಒಬ್ಬ ಸಾರಿಗೆ ಇನ್‌ಸ್ಪೆಕ್ಟರ್ ಶಬ್ದಮಾಪಕ ಹಿಡಿದು ನಿಲ್ಲುವುದು ಅಸಾಧ್ಯವೇನಲ್ಲ.

ಸಾರಿಗೆ ಸಂಸ್ಥೆಯ ಬಸ್ಸಿನ ಯಂತ್ರದ ಶಕ್ತಿಯೂ ಹೆಚ್ಚೆಂದರೆ ಈ ಇನ್ನೂರರ ಆಸುಪಾಸಿನದೇ. ಅದು ಐವತ್ತು ಜನರನ್ನು ಹೊತ್ತು ಘಟ್ಟ ಹತ್ತುತ್ತದೆ. ಆದ್ದರಿಂದ ನಮ್ಮ ಮನವಿಯಲ್ಲಿ ಎರಡು ಬೇಡಿಕೆಗಳನ್ನು ಒಟ್ಟಿಗೇ ಇಟ್ಟಿದ್ದೇವೆ: ಶನಿವಾರ, ಭಾನುವಾರ ಘಾಟಿಯ ಬುಡದಲ್ಲಿ ತಪಾಸಣೆ, ಮತ್ತು ಸಂಜೆ ಏಳರ ನಂತರ ಇನ್ನೊಂದು ಬಸ್ಸು. ಜೇವರ್ಗಿಯ ಹುಡುಗನಿಗೂ ಪ್ರತಿ ಕಳಿಸಿದ್ದೆ. ಅವನು ಕಾರಿನ ಲೆಕ್ಕವನ್ನು ಮೊದಲಿನಂತೆ ಮಾಡಿಸಿದ್ದಾನಂತೆ. ಬಸ್ಸಿನ ಬೇಡಿಕೆಯನ್ನು ತನ್ನೂರಿನ ಹೆಸರು ಹಾಕಿ ಅಲ್ಲಿಯ ಡಿಪೋಗೆ ಕೊಟ್ಟಿದ್ದಾನೆ.

ಮನವಿಯ ಜೊತೆ ಅಂಕಿಅಂಶ ಬೇಕು. ಬರುವ ಶನಿವಾರ ಬೆಳಿಗ್ಗೆ ಐದೂವರೆಗೆ ಏಳನೆಯ ತಿರುವಿನ ಮೋರಿಯ ಬಳಿ ಸೇರುತ್ತೇವೆ. ಪಿಯುಸಿ ಮಕ್ಕಳು ಗಡಿಯಾರ ಮತ್ತು ನೋಟುಪುಸ್ತಕ ತರಲಿ. ವಾಹನಗಳ ಸಂಖ್ಯೆ, ಹೊತ್ತು, ಸದ್ದು ಬರೆದುಕೊಳ್ಳೋಣ. ಕಟ್ಟೆಯ ಮೇಲೆ ಯಾರೂ ಕೂರಬೇಡಿ. ಅದರ ಒಡೆದ ಭಾಗವನ್ನು ಇನ್ನೂ ಕಟ್ಟಿಲ್ಲ.